ಫೈಬರ್ ದೋಣಿಯ ನೆಲ ಮೆತ್ತಗಾಗಿದೆಯೇ? ಹಲಗೆ ಕೀಳುವ ಮೊದಲು ಕುಂಬಿನ ಮೂಲ ಹುಡುಕಿ

ಡ್ರೈವರ್ ಸೀಟಿನ ಪಕ್ಕ ಕಾಲಿಟ್ಟರೆ ನೆಲ ಒಂದು ಬೆರಳಿನಷ್ಟು ಕುಸಿದು ಮತ್ತೆ ಮೇಲೆ ಬರುತ್ತದೆ. ಹಳೆಯ ಫೈಬರ್‌ಗ್ಲಾಸ್ ದೋಣಿ ಕೊಂಡವರಲ್ಲಿ ಹೆಚ್ಚಿನವರು ಇದನ್ನು ಕಂಡಿರುತ್ತಾರೆ. ನನ್ನದು 1970ರ ದಶಕದ, 16 ಅಡಿಯ ರನ್‌ಅಬೌಟ್. ಮುಂದೆ ಗಾಜು, ಎರಡು ಜೊತೆ ಸೀಟು, ಹಿಂದೆ ಔಟ್‌ಬೋರ್ಡ್ ಎಂಜಿನ್. ಅಮೆರಿಕದ ಮಿನೆಸೋಟಾ ರಾಜ್ಯದ ಕೆರೆಗಳಲ್ಲಿ ಇಂಥ ದೋಣಿಗಳು ಇವತ್ತಿಗೂ ನೂರಾರು ಓಡಾಡುತ್ತವೆ.

ಕೊಂಡ ವರ್ಷ ಆ ಮೆತ್ತಗಿನ ಜಾಗವನ್ನು ಒಂದೂವರೆ ಅಡಿ ಚೌಕ ಕತ್ತರಿಸಿ, ಹೊಸ ಪ್ಲೈವುಡ್ ಕೂರಿಸಿ, ಮೇಲೆ ಫೈಬರ್ ಹಾಕಿದೆ. ಕೆಲಸ ಚೆನ್ನಾಗಿಯೇ ಬಂತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ತೇಪೆಯ ಸುತ್ತ ಮತ್ತೆ ಕಾಲು ಕುಸಿಯಿತು. ಗಂಗೊಳ್ಳಿ ಕಡೆ ಫೈಬರ್ ದೋಣಿ ರಿಪೇರಿ ಮಾಡುವ ನಮ್ಮ ಮಾವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಒಂದೇ ಮಾತು ಕೇಳಿದರು: "ಮೆತ್ತಗಾದ್ದು ಇರಲಿ ಮಾರಾಯ, ನೀರು ಎಲ್ಲಿಂದ ಬಂತು ಅದನ್ನು ಹೇಳು." ನನ್ನಲ್ಲಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲಿಗೆ ಸಿಗುವುದು ಲಕ್ಷಣ ಮಾತ್ರ. ರೋಗ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ.

ಒಳಗೆ ಏನಿದೆ ಎಂದು ಮೊದಲು ತಿಳಿದಿರಲಿ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಕೊಳೆಯುವುದು ಅದರೊಳಗೆ ಅಡಗಿರುವ ಮರ. ಆ ಕಾಲದ ರನ್‌ಅಬೌಟ್‌ಗಳಲ್ಲಿ ತಳದ ಚಿಪ್ಪು, ಅಂದರೆ ಹಲ್, ಪೂರ್ತಿ ಫೈಬರ್. ಅದರ ಮೇಲೆ ಉದ್ದಕ್ಕೂ ಓಡುವ ಮರದ ತೊಲೆಗಳಿಗೆ ಸ್ಟ್ರಿಂಗರ್ ಎನ್ನುತ್ತಾರೆ. ತೊಲೆಗಳ ಮೇಲೆ ಸುಮಾರು ಅರ್ಧ ಇಂಚಿನ ಪ್ಲೈವುಡ್ ನೆಲ. ಡೆಕ್ ಕೊಳೆತಿದೆ ಎಂದು ಜನ ಹೇಳುವುದು ಹೆಚ್ಚಾಗಿ ಈ ನೆಲವನ್ನೇ. ನೆಲದ ಅಡಿಯ ಖಾಲಿ ಜಾಗದಲ್ಲಿ ತೇಲುವ ಫೋಮ್ ತುಂಬಿರುತ್ತಾರೆ. ಎಂಜಿನ್ ನೇತಾಡುವ ಹಿಂಗೋಡೆ ಟ್ರಾನ್ಸಮ್. ಅದರೊಳಗೂ ಸಾಮಾನ್ಯವಾಗಿ ಎರಡು ಪದರ ಪ್ಲೈವುಡ್ ಸೇರಿ ಒಂದೂವರೆ ಇಂಚು ಮರ ಇರುತ್ತದೆ.

ಮರ ಕುಂಬಾಗಲು ಅಣಬೆ ಜಾತಿಯ ಜೀವಿ ಬೇಕು. ಅದಕ್ಕೆ ನೀರು, ಗಾಳಿ, ಸ್ವಲ್ಪ ಬೆಚ್ಚಗಿನ ಹವೆ ಬೇಕು. ಮರದ ತೇವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. 30ರ ಹತ್ತಿರ ಹೋದರೆ ಹಬ್ಬ. ಇದರಲ್ಲಿ ಸಿಹಿನೀರು ಉಪ್ಪುನೀರಿಗಿಂತ ಕೆಟ್ಟದ್ದು. ಉಪ್ಪು ಆ ಜೀವಿಯನ್ನು ತಡೆಯುತ್ತದೆ. ಅದಕ್ಕೇ ಕೆರೆಯ ದೋಣಿಗೆ, ಅದರಲ್ಲೂ ಮಳೆಗೆ ನೆನೆಯುತ್ತಾ ನಿಂತ ದೋಣಿಗೆ, ಕುಂಬಿನ ಕಾಟ ಜಾಸ್ತಿ.

ದೋಣಿಯ ವಯಸ್ಸು ಗೊತ್ತಿಲ್ಲದಿದ್ದರೆ ಹಿಂಗೋಡೆಯ ಬಲ ಮೇಲ್ಮೂಲೆ ನೋಡಿ. 1972ರ ನವೆಂಬರ್ 1ರ ನಂತರ ಅಮೆರಿಕದಲ್ಲಿ ತಯಾರಾದ ದೋಣಿಗಳಿಗೆ 12 ಅಕ್ಷರ ಮತ್ತು ಅಂಕಿಗಳ ಗುರುತು ಸಂಖ್ಯೆ ಕಡ್ಡಾಯ. ಕೊನೆಯ ಭಾಗದಲ್ಲಿ ವರ್ಷ ಇರುತ್ತದೆ. ವರ್ಷ ಮತ್ತು ಮಾದರಿ ತಿಳಿದರೆ ಹಳೆಯ ಕ್ಯಾಟಲಾಗ್‌ನಲ್ಲಿ ಒಣ ತೂಕ ಸಿಗುತ್ತದೆ. ಆ ತೂಕ ಮುಂದೆ ಬೇಕಾಗುತ್ತದೆ.

ಕಾಲು ಮತ್ತು ಕಿವಿ

ಕಾರ್ಪೆಟ್ ಇದ್ದರೆ ಪೂರ್ತಿ ಕಿತ್ತುಬಿಡಿ. ತೇವ ಹಿಡಿದಿಡುವ ಕೆಲಸದಲ್ಲಿ ಅದಕ್ಕೆ ಸಮ ಇಲ್ಲ. ಬರಿಗಾಲಿನಲ್ಲಿ ಹಿಮ್ಮಡಿ ಊರಿ ಒಂದೊಂದೇ ಹೆಜ್ಜೆ ನಡೆಯಿರಿ. ಕುಸಿಯುವ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಆಮೇಲೆ ದೊಡ್ಡ ಸ್ಕ್ರೂಡ್ರೈವರ್‌ನ ಹಿಡಿಯಿಂದ ಎರಡೆರಡು ಇಂಚಿಗೆ ಬಡಿಯುತ್ತಾ ಹೋಗಿ. ಹಲಸಿನ ಹಣ್ಣು ಬಡಿದು ನೋಡಿದ ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ. ಗಟ್ಟಿ ಮರ 'ಟಕ್' ಎನ್ನುತ್ತದೆ. ಕುಂಬು ಮರ 'ಧಪ್' ಎನ್ನುತ್ತದೆ. ಧಪ್ ಎನ್ನುವ ಜಾಗ ಯಾವಾಗಲೂ ಕಾಲು ಕುಸಿಯುವ ಜಾಗಕ್ಕಿಂತ ದೊಡ್ಡದು. ನನ್ನ ದೋಣಿಯಲ್ಲಿ ಕಾಲಿಗೆ ಸಿಕ್ಕಿದ್ದು ಎರಡು ಅಡಿ. ಕಿವಿಗೆ ಸಿಕ್ಕಿದ್ದು ಆರು ಅಡಿ, ಅದೂ ಹಿಂದಕ್ಕೆ ಹಿಂದಕ್ಕೆ ಅಗಲವಾಗುತ್ತಾ.

ಇಲ್ಲಿ ಒಂದು ಎಚ್ಚರಿಕೆ. ಕುಸಿಯುವ ನೆಲವೆಲ್ಲ ಕೊಳೆತ ನೆಲ ಅಲ್ಲ. ನೆಲ ಇಡೀ ಒಂದೇ ಸಮ ಸ್ಪ್ರಿಂಗಿನಂತೆ ಆಡುತ್ತಿದ್ದು, ಬಡಿದಾಗ ಎಲ್ಲ ಕಡೆ 'ಟಕ್' ಎಂದರೆ ಪ್ಲೈವುಡ್ ತೆಳು ಅಥವಾ ತೊಲೆಗಳ ನಡುವಿನ ಅಂತರ ಜಾಸ್ತಿ ಎಂದಷ್ಟೇ ಅರ್ಥ. ಕಾಲಿಟ್ಟಾಗ 'ಕರಕರ' ಸದ್ದು ಬಂದರೆ ಹಲಗೆ ಗಟ್ಟಿ ಇದ್ದು, ತೊಲೆಗೆ ಹಿಡಿದಿದ್ದ ಫೈಬರ್ ಪಟ್ಟಿ ಬಿಟ್ಟುಕೊಂಡಿರಬಹುದು. ಮೂರಕ್ಕೂ ಮದ್ದು ಬೇರೆ.

ತೇವ ಅಳೆಯುವ ಮೀಟರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ನಾನು ಅದನ್ನು ನಂಬಿ ನಿರ್ಧಾರ ಮಾಡುವುದಿಲ್ಲ. ಹತ್ತಿರ ಲೋಹವಿದ್ದರೆ, ಮೇಲ್ಪದರ ಒದ್ದೆಯಿದ್ದರೆ ಅದು ತಪ್ಪು ಹೇಳುತ್ತದೆ.

ತೂಕ ಸುಳ್ಳು ಹೇಳುವುದಿಲ್ಲ

ದೋಣಿಯನ್ನು ಟ್ರೇಲರ್ ಸಮೇತ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಕಾರಿನಿಂದ ಬಿಚ್ಚಿ ತೂಗಬೇಕು. ಬಂದ ತೂಕದಿಂದ ಟ್ರೇಲರ್, ಎಂಜಿನ್, ಬ್ಯಾಟರಿ, ಪೆಟ್ರೋಲ್ ಕಳೆಯಿರಿ. ಪೆಟ್ರೋಲ್ ಒಂದು ಲೀಟರಿಗೆ ಸುಮಾರು ಮುಕ್ಕಾಲು ಕಿಲೋ. ಉಳಿದದ್ದು ಕ್ಯಾಟಲಾಗ್‌ನ ಒಣ ತೂಕಕ್ಕೆ ಹತ್ತಿರ ಇರಬೇಕು. ನನ್ನದು 130 ಕಿಲೋ ಜಾಸ್ತಿ ಬಂತು. ಅಷ್ಟು ನೀರನ್ನು ಅರ್ಧ ಇಂಚಿನ ಹಲಗೆಯೊಂದೇ ಕುಡಿದಿರಲು ಸಾಧ್ಯವಿಲ್ಲ. ಅಂದರೆ ಫೋಮ್ ಕುಡಿದಿದೆ.

ಲೆಕ್ಕ ಹೀಗಿದೆ. ಒಣ ಫೋಮ್ ಒಂದು ಘನ ಅಡಿಗೆ ಒಂದು ಕಿಲೋಗಿಂತ ಕಡಿಮೆ. ಅದೇ ಒಂದು ಘನ ಅಡಿ ನೀರು 28 ಕಿಲೋ. ಈ ಫೋಮ್‌ನಲ್ಲಿ ಮುಚ್ಚಿದ ಗುಳ್ಳೆಗಳಿರುತ್ತವೆ, ನೀರು ಹೀರಬಾರದು. ಆದರೆ ವರ್ಷಗಟ್ಟಲೆ ನೀರಲ್ಲಿ ನಿಂತು, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ, ಬೇಸಿಗೆಯಲ್ಲಿ ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಗುಳ್ಳೆಗಳು ಒಡೆಯುತ್ತವೆ. ಮಿನೆಸೋಟಾದ ಚಳಿಗೆ ಇದು ವರ್ಷ ವರ್ಷದ ಕೆಲಸ.

ತೂಗಲು ಆಗದಿದ್ದರೆ ಬೇರೆ ಸುಳಿವುಗಳಿವೆ. ಮೊದಲಿನ ಹಾಗೆ ದೋಣಿ ಬೇಗ ನೀರಿನ ಮೇಲೆದ್ದು ಓಡುವುದಿಲ್ಲ. ನಿಂತಾಗ ಹಿಂಭಾಗ ತಗ್ಗಿ ಕೂರುತ್ತದೆ. ದಡಕ್ಕೆ ತಂದು ಡ್ರೇನ್ ಪ್ಲಗ್, ಅಂದರೆ ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ, ತೆಗೆದರೆ ನೀರು ಒಮ್ಮೆ ಸುರಿದು ನಿಲ್ಲುವುದಿಲ್ಲ, ಹನಿಯುತ್ತಲೇ ಇರುತ್ತದೆ. ನನ್ನ ದೋಣಿ ಮರುದಿನ ಬೆಳಗ್ಗೆಯೂ ಹನಿಯುತ್ತಿತ್ತು. ನಾನು ಅದನ್ನು ಎರಡು ವರ್ಷ ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ.

ಡ್ರಿಲ್ ಹಾಕಿ ಪುಡಿ ನೋಡುವುದು

ಇದು ಇಡೀ ಪತ್ತೆಯ ತಿರುಳು. ಸಣ್ಣ ತೂತು ಹಾಕಲು ಜನ ಹೆದರುತ್ತಾರೆ. ಆಮೇಲೆ ಮುಚ್ಚಬಹುದಾದ ತೂತಿಗೆ ಹೆದರಿ, ಕುಂಬು ಹಿಡಿದ ಹಿಂಗೋಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕೆರೆಗೆ ಹೋಗುವುದು ಸರಿಯಲ್ಲ ಅಲ್ವಾ?

6 ಮಿಲಿಮೀಟರ್ ಬಿಟ್ ತೆಗೆದುಕೊಳ್ಳಿ. ತುದಿಯಿಂದ ಒಂದು ಇಂಚಿಗೆ ಟೇಪ್ ಸುತ್ತಿ. ಆ ಗುರುತು ದಾಟಿ ಒಳಗೆ ಹೋಗಬೇಡಿ, ಹೊರಗಿನ ಚಿಪ್ಪು ತೂತಾಗಬಾರದು. ಡ್ರಿಲ್ ನಿಧಾನ ತಿರುಗಲಿ. ಬರುವ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ತಿಳಿ ಹಳದಿ ಬಣ್ಣದ, ಒಣಗಿದ, ಸುರುಳಿ ಸುರುಳಿ ಸಿಪ್ಪೆ ಬಂದರೆ ಮರ ಚೆನ್ನಾಗಿದೆ. ಬಣ್ಣ ಸರಿಯಿದ್ದು ಒದ್ದೆಯಿದ್ದರೆ ನೀರು ಬಂದಿದೆ, ಕುಂಬು ಇನ್ನೂ ಹಿಡಿದಿಲ್ಲ. ಕಂದು ಅಥವಾ ಕಪ್ಪು ಬಣ್ಣದ, ಒದ್ದೆ ಕಾಫಿ ಚರಟದಂಥ ಪುಡಿ ಬಂದು ಹುಳಿ ವಾಸನೆ ಹೊಡೆದರೆ ಆ ಮರ ಹೋಗಿದೆ. ಕೈಗೆ ಸಿಗುವ ಒತ್ತಡವೂ ಮಾತಾಡುತ್ತದೆ. ಬಿಟ್ ಬೆಣ್ಣೆಯೊಳಗೆ ಹೋದಂತೆ ಹೋಗಬಾರದು.

ಎಲ್ಲಿ ಹಾಕಬೇಕು? ನೆಲದ ಮೇಲೆ ನೀವು ಗೆರೆ ಎಳೆದ ಜಾಗದ ಅಂಚಿನಲ್ಲಿ. ಆದರೆ ಅಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಅಥವಾ ಪೈಪ್ ಇಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ. ಬ್ಯಾಟರಿಯನ್ನೂ ಬಿಚ್ಚಿಡಿ. ತೊಲೆಗಳಿಗೆ ಪಕ್ಕದಿಂದ, ಆದಷ್ಟು ಕೆಳಗೆ, ಒಳಗಿನ ನೀರು ಬಂದು ಸೇರುವ ತಳಭಾಗವಾದ ಹಿಂಭಾಗದ ಬಿಲ್ಜ್‌ನಲ್ಲಿ ಕೈ ಹೋಗುವಲ್ಲಿ ಹಾಕಿ. ನೀರು ನಿಲ್ಲುವುದು ಅಲ್ಲೇ. ಹಿಂಗೋಡೆಗೆ ಒಳಗಿನಿಂದ ಹಾಕಿ: ಡ್ರೇನ್ ಪ್ಲಗ್‌ನ ಎರಡೂ ಪಕ್ಕ, ಕೆಳ ಮೂಲೆಗಳು, ಎಂಜಿನ್ ಬೋಲ್ಟ್‌ಗಳ ಕೆಳಗೆ. ಮೇಲ್ಭಾಗ ಗಟ್ಟಿ ಇದೆ ಎಂದು ಸಮಾಧಾನ ಪಡಬೇಡಿ. ಹಿಂಗೋಡೆ ಕೆಳಗಿನಿಂದ ಮೇಲಕ್ಕೆ ಕೊಳೆಯುವುದೇ ಹೆಚ್ಚು.

ಪ್ರತಿ ತೂತಿಗೂ ನಂಬರ್ ಕೊಟ್ಟು ಒಂದು ಹಾಳೆಯಲ್ಲಿ ದೋಣಿಯ ಚಿತ್ರ ಬರೆದು ಗುರುತು ಹಾಕಿ. ನಾನು 22 ತೂತು ಹಾಕಿದೆ. ಆ ಹಾಳೆ ನೋಡಿದ ಮೇಲೆ ಅಂದಾಜು ಮಾಡುವ ಅಗತ್ಯವೇ ಇರಲಿಲ್ಲ: ಹಿಂಗೋಡೆ ಒಣಗಿತ್ತು, ಬಲ ತೊಲೆ ಒಣಗಿತ್ತು, ಎಡ ತೊಲೆಯ ಹಿಂದಿನ ಅರ್ಧ ಕಪ್ಪು. ಒಣ ತೂತುಗಳನ್ನು ಅದೇ ದಿನ ಗಟ್ಟಿ ಎಪಾಕ್ಸಿ (ಬೆರೆಸಿದ ಮೇಲೆ ಕಲ್ಲಿನಂತಾಗುವ ಅಂಟು ರೆಸಿನ್) ತುಂಬಿ ಮುಚ್ಚಿ.

ಹಿಂಗೋಡೆಗೆ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಅನ್ನು ಕೆಳಗಿಳಿಸಿ, ಪ್ರೊಪೆಲರ್ ಮೇಲಿನ ಚಪ್ಪಟೆ ತಟ್ಟೆಯ ಮೇಲೆ ಒಬ್ಬರು ಮೆಲ್ಲಗೆ ಭಾರ ಬಿಡಲಿ. ಇನ್ನೊಬ್ಬರು ಹಿಂಗೋಡೆಯ ಮೇಲಂಚಿಗೆ ಸ್ಕೇಲ್ ಹಿಡಿದು ನೋಡಲಿ. ಕಣ್ಣಿಗೆ ಕಾಣುವಷ್ಟು ಬಾಗಿದರೆ, ಬೋಲ್ಟ್ ಸುತ್ತ ನೀರು ಒಸರಿದರೆ, ಒಳಮೂಲೆಯಲ್ಲಿ ಬಿರುಕು ಬಾಯಿಬಿಟ್ಟರೆ ಆ ದೋಣಿಯನ್ನು ನೀರಿಗೆ ಇಳಿಸಬೇಡಿ. ಎಂಜಿನ್ ಕಳಚಿ ಕೆರೆಯ ತಳ ಸೇರುವುದು ಕಟ್ಟುಕತೆಯಲ್ಲ.

ಫೋಮ್ ಪರೀಕ್ಷೆಗೆ ಎರಡು ಇಂಚಿನ ಹೋಲ್ ಸಾ ಬಳಸಿ ನೆಲದಲ್ಲಿ ಒಂದು ವೃತ್ತ ಕತ್ತರಿಸಿ. ಒಂದು ತುಂಡು ಪೈಪಿನಿಂದ ಫೋಮ್ ತಿವಿದು ತಳದವರೆಗಿನ ಮಾದರಿ ಹೊರಗೆಳೆಯಿರಿ. ಮೇಲಿನದ್ದು ಒಣಗಿದ್ದು ತಳದ ಎರಡು ಇಂಚು ಸ್ಪಂಜಿನಂತೆ ನೀರು ಬಿಡುವುದು ಸಾಮಾನ್ಯ. ಮೇಲೆ ಮಾತ್ರ ಮುಟ್ಟಿ ನೋಡಿ ಒಣಗಿದೆ ಎಂದು ಮುಚ್ಚಿದರೆ ಮೋಸ ಹೋಗುತ್ತೀರಿ. ಒಮ್ಮೆ ನೀರು ಕುಡಿದ ಫೋಮ್ ಅನ್ನು ಫ್ಯಾನ್ ಇಟ್ಟು ಒಣಗಿಸುತ್ತೇನೆ ಎನ್ನುವುದು ಆಗದ ಮಾತು.

ನೀರು ಬಂದ ದಾರಿ

ಮಾವ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆಲ ಕೀಳುವ ಮೊದಲೇ ಇದನ್ನು ಮಾಡಿ. ಕಿತ್ತ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ.

ಮೊದಲು ತಳದಿಂದ ಬರುತ್ತಿದೆಯೇ ನೋಡಿ. ದೋಣಿ ಟ್ರೇಲರ್ ಮೇಲಿರುವಾಗಲೇ ಪ್ಲಗ್ ಹಾಕಿ, ಬಿಲ್ಜ್‌ಗೆ ಎರಡು ಮೂರು ಇಂಚು ನೀರು ಬಿಡಿ. ಜಾಸ್ತಿ ಬೇಡ, ಟ್ರೇಲರ್‌ಗೆ ಭಾರವಾಗುತ್ತದೆ. ಹೊರಗೆ ಒಣ ಬಟ್ಟೆಯಿಂದ ಒರೆಸಿ ಅರ್ಧ ಗಂಟೆ ಕಾಯಿರಿ. ಡ್ರೇನ್ ಕೊಳವೆಯ ಸುತ್ತ, ಹಿಂಗೋಡೆಗೆ ಬಡಿದ ಸ್ಕ್ರೂಗಳ ಸುತ್ತ ಹನಿ ಕಾಣುತ್ತದೆಯೇ ನೋಡಿ. ಆಳ ಅಳೆಯುವ ಸೆನ್ಸರ್ ಹಾಕಲು ಕೊರೆದು ಸುಮ್ನೆ ಬಿಟ್ಟ ಹಳೆಯ ತೂತುಗಳೇ ಎಷ್ಟೋ ಹಿಂಗೋಡೆಗಳನ್ನು ಹಾಳು ಮಾಡಿವೆ.

ತಳ ಸರಿಯಿದ್ದರೆ ನೀರು ಮೇಲಿನಿಂದ ಬರುತ್ತಿದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಒಂದೊಂದು ಜಾಗಕ್ಕೆ ಹತ್ತು ಹದಿನೈದು ನಿಮಿಷ. ಎಲ್ಲ ಕಡೆ ಒಟ್ಟಿಗೆ ನೀರು ಹೊಡೆದರೆ ಏನೂ ತಿಳಿಯುವುದಿಲ್ಲ. ಮೊದಲು ಪಕ್ಕದ ರಬ್ಬರ್ ಪಟ್ಟಿ, ಯಾಕೆಂದರೆ ಮೇಲ್ಚಿಪ್ಪು ಕೆಳಚಿಪ್ಪು ಸೇರುವ ಜೋಡಣೆ ಅದರ ಹಿಂದಿದೆ. ಆಮೇಲೆ ಹಗ್ಗ ಕಟ್ಟುವ ಕ್ಲೀಟ್‌ಗಳು, ದೀಪದ ಬುಡ, ಕೊನೆಗೆ ಮುಂಗಾಜಿನ ಚೌಕಟ್ಟಿನ ಸ್ಕ್ರೂಗಳು.

ಇವೆಲ್ಲ ಮುಗಿದರೂ ಏನೂ ಸಿಗದಿದ್ದರೆ ನೆಲವನ್ನೇ ಅನುಮಾನಿಸಿ. ನನಗೆ ಕಳ್ಳ ಸಿಕ್ಕಿದ್ದು ಅಲ್ಲೇ. ಸ್ಕೀ ಇಡುವ ನೆಲದ ಪೆಟ್ಟಿಗೆಯ ಬಾಯಿಯ ಸುತ್ತ ಪ್ಲೈವುಡ್‌ನ ಕತ್ತರಿಸಿದ ಅಂಚಿಗೆ ಯಾರೂ ರೆಸಿನ್ ಬಳಿದಿರಲಿಲ್ಲ. ಸೀಟಿನ ಸ್ಕ್ರೂಗಳನ್ನು ನೇರ ಮರಕ್ಕೆ ತಿರುಗಿಸಿದ್ದರು. ಹಲಗೆಯ ಅಡಿಭಾಗಕ್ಕೂ ಬರೀ ತೆಳು ಬಣ್ಣ. ಒದ್ದೆ ಮೈಯಲ್ಲಿ ಹತ್ತಿದ ಮಕ್ಕಳಿಂದ ಬಿದ್ದ ನೀರು, ಹೊದಿಕೆ ಜೋತು ಮಳೆ ಇಳಿದ ನೀರು, ಎಲ್ಲ ಈ ಅಂಚುಗಳಿಂದಲೇ ಒಳಗೆ ಹೋಗುತ್ತಿತ್ತು.

ಹೋದ ನೀರು ಹೊರಗೆ ಯಾಕೆ ಬರಲಿಲ್ಲ? ಇದು ಅದಕ್ಕಿಂತ ಮುಖ್ಯ. ತೊಲೆಯ ಬುಡದಲ್ಲಿ ನೀರು ಹಿಂದಕ್ಕೆ ಹರಿಯಲು ಕಂಡಿಗಳಿರುತ್ತವೆ. ನನ್ನದರಲ್ಲಿ ಎಡಗಡೆಯ ಕಂಡಿಗೆ ಫೋಮ್ ಉಕ್ಕಿ ಕಟ್ಟಿಕೊಂಡಿತ್ತು. ತಂತಿ ಹಾಕಿದರೆ ದಾಟಲಿಲ್ಲ. ಬಲಗಡೆ ತಂತಿ ಸಲೀಸಾಗಿ ಹೋಯಿತು. ಎಡ ತೊಲೆ ಮಾತ್ರ ಕೊಳೆಯಲು ಕಾರಣ ಅಷ್ಟೇ. ಎರಡು ವರ್ಷ ಹಿಂದೆ ನಾನು ಹಾಕಿದ ತೇಪೆ ಈ ಕಟ್ಟಿದ ಕಂಡಿಯ ಮೇಲೇ ಕೂತಿತ್ತು.

ಬೇಡದ ಮೂರು ಕೆಲಸ

ಮೆತ್ತಗಿನ ನೆಲದ ಮೇಲೆ ಹೊಸ ಹಲಗೆ ಹೊದಿಸಬೇಡಿ. ಒಳಗಿನ ನೀರಿಗೆ ನೀವೇ ಮುಚ್ಚಳ ಹಾಕಿದಂತಾಗುತ್ತದೆ. ಸಣ್ಣ ತೂತುಗಳಿಂದ ತೆಳು ಎಪಾಕ್ಸಿ ಸುರಿದು ಕುಂಬು ಮರವನ್ನು ಗಟ್ಟಿ ಮಾಡುವ ಆಸೆಯೂ ಬೇಡ. ಒದ್ದೆ ಮರಕ್ಕೆ ಅದು ಇಳಿಯುವುದಿಲ್ಲ, ಭಾರ ಹೊರುವ ತೊಲೆಗೆ ಹೋದ ಶಕ್ತಿ ಅದರಿಂದ ಬರುವುದಿಲ್ಲ. ಮೂರನೆಯದು, ಕಟ್ಟಡಕ್ಕೆ ಬಳಸುವ ರಾಸಾಯನಿಕ ತುಂಬಿದ ಮರ. ಅದು ತೇವದಲ್ಲೇ ಬರುತ್ತದೆ, ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ತಾಮ್ರದ ರಾಸಾಯನಿಕ ಇದ್ದರೆ ಅಲ್ಯೂಮಿನಿಯಂ ಟ್ಯಾಂಕನ್ನು ತಿನ್ನುತ್ತದೆ.

ಕತ್ತರಿಸುವಾಗ

ನೆಲ ಮತ್ತು ತೊಲೆ ತೆಗೆದರೆ ಉಳಿಯುವುದು ಬಳುಕುವ ಚಿಪ್ಪು. ಟ್ರೇಲರ್‌ನ ರೋಲರ್‌ಗಳ ಮೇಲೆ ಇಟ್ಟುಕೊಂಡು ಈ ಕೆಲಸ ಮಾಡಿದರೆ ತಳ ಅಲ್ಲಲ್ಲಿ ತಗ್ಗುತ್ತದೆ. ಹೊಸ ತೊಲೆ ಹಾಕಿದಾಗ ಆ ವಕ್ರವೇ ಶಾಶ್ವತವಾಗುತ್ತದೆ. ಆಮೇಲೆ ದೋಣಿ ಮೂತಿ ಊರಿ ಓಡುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಉದ್ದ ಮರದ ಆಸರೆಗಳನ್ನು ತಳದ ಆಕಾರಕ್ಕೆ ಕತ್ತರಿಸಿ ಕೊಟ್ಟು, ಎರಡು ಪಕ್ಕಗಳ ನಡುವೆ ಅಡ್ಡ ಪಟ್ಟಿ ಬಿಗಿದು ಶುರುಮಾಡಿ. ಎರಡೂ ತೊಲೆಗಳನ್ನು ಒಟ್ಟಿಗೆ ತೆಗೆಯಬೇಡಿ.

ಗರಗಸದ ಆಳ ನೆಲದ ದಪ್ಪಕ್ಕಿಂತ ಸ್ವಲ್ಪವೇ ಜಾಸ್ತಿ ಇರಲಿ. ಪಕ್ಕದಲ್ಲಿ ಎರಡು ಮೂರು ಇಂಚು ಅಂಚು ಉಳಿಸಿಕೊಂಡರೆ ನೆಲದ ಮೂಲ ಎತ್ತರದ ಗುರುತು ಸಿಗುತ್ತದೆ. ಹಳೆಯ ಫೈಬರ್ ಉಜ್ಜುವಾಗ ಒಳ್ಳೆಯ ಪಿ100 ಫಿಲ್ಟರ್ ಮಾಸ್ಕ್, ಕನ್ನಡಕ, ಪೂರ್ತಿ ತೋಳಿನ ಬಟ್ಟೆ ಹಾಕಿಯೇ ಕೂರಬೇಕು. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ದೋಷ ಮರುಕಳಿಸದ ಹಾಗೆ

ನಾನು ಮರೈನ್ ಪ್ಲೈವುಡ್ ಬಳಸಿದೆ. ಊರಿನಲ್ಲಿ ಮಾಡುವವರು ಅದರ ಭಾರತೀಯ ಮಾನಕವಾದ ಐಎಸ್ 710 ಗುರುತು ನೋಡಿ ಕೊಳ್ಳಬಹುದು. ರೆಸಿನ್ ಎಪಾಕ್ಸಿ. ಪಾಲಿಯೆಸ್ಟರ್ ಅಗ್ಗ, ಹೊಸ ದೋಣಿ ಕಟ್ಟಲು ಚೆನ್ನಾಗಿದೆ. ಆದರೆ ಗಟ್ಟಿಯಾದ ಹಳೆಯ ಫೈಬರ್‌ಗೂ ಮರಕ್ಕೂ ಎಪಾಕ್ಸಿಯೇ ಗಟ್ಟಿಯಾಗಿ ಅಂಟುತ್ತದೆ. ಒಂದು ವಿಷಯ ನೆನಪಿರಲಿ: ಎಪಾಕ್ಸಿ ಜೊತೆಗೆ ಗಾಜಿನ ಎಳೆಗಳನ್ನು ಹೊಲಿದು ಮಾಡಿದ ಬಟ್ಟೆ, ಉದಾಹರಣೆಗೆ 1708 ಎಂಬ ಬೈಆಕ್ಸಿಯಲ್ (ಎರಡು ದಿಕ್ಕಿನ ಎಳೆಗಳದ್ದು), ಬಳಸಿ. ಸಾಮಾನ್ಯ ಚಾಪೆಯಂಥ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಕರಗದೆ ಬಿರುಸಾಗಿಯೇ ಉಳಿಯುತ್ತದೆ.

ಹೊಸ ತೊಲೆಯನ್ನು ಹಲ್‌ಗೆ ನೇರ ಒತ್ತಿ ಕೂರಿಸದೆ, ಗಟ್ಟಿ ಎಪಾಕ್ಸಿಯ ತೆಳು ಹಾಸಿನ ಮೇಲೆ ಕೂರಿಸಿದೆ. ಕಂಡಿಗಳಿಗೆ ಪಿವಿಸಿ ಪೈಪಿನ ತುಂಡು ಹಾಕಿ ಸುತ್ತ ಮುಚ್ಚಿದೆ, ಇನ್ನು ಫೋಮ್ ಉಕ್ಕಿ ಕಟ್ಟುವ ಹಾಗಿಲ್ಲ. ನೆಲದ ಹಲಗೆಯ ಎರಡೂ ಮೈ, ನಾಲ್ಕೂ ಅಂಚು, ಪೆಟ್ಟಿಗೆಯ ಬಾಯಿ, ಎಲ್ಲಕ್ಕೂ ಎಪಾಕ್ಸಿ ಬಳಿದೆ. ಸೀಟಿನ ಪ್ರತಿ ಸ್ಕ್ರೂ ಜಾಗದಲ್ಲಿ ದೊಡ್ಡ ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಹಾಕಿದೆ. ಸ್ಕ್ರೂಗೆ ಈಗ ಮರ ಸೋಕುವುದೇ ಇಲ್ಲ. ಇದು ತಾಳ್ಮೆ ಬೇಡುವ ಕೆಲಸ. ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ.

ಫೋಮ್ ಅನ್ನು ಬಿಟ್ಟುಬಿಡಿ, ನೀರು ಕುಡಿಯುವ ತಂಟೆಯೇ ಬೇಡ ಎನ್ನುವವರಿದ್ದಾರೆ. ಅದನ್ನು ಒಪ್ಪಬೇಡಿ. 1970ರ ದಶಕದಿಂದ ಅಮೆರಿಕದ ನಿಯಮ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳು ನೀರು ತುಂಬಿದರೂ ಮುಳುಗದೆ ತೇಲಬೇಕು ಎನ್ನುತ್ತದೆ. ತಣ್ಣನೆಯ ಕೆರೆಯ ನಡುವೆ ಹಿಡಿದುಕೊಳ್ಳಲು ಏನೋ ಒಂದು ಇರಬೇಕಲ್ಲ, ಅದಕ್ಕೆ ಆ ಫೋಮ್. ತೆಗೆದಷ್ಟನ್ನು ಹೊಸದಾಗಿ ತುಂಬಿ, ತಳದಲ್ಲಿ ನೀರು ಹರಿಯುವ ದಾರಿ ಮಾತ್ರ ಬಿಡಿ.

ಕೆಲಸ ಮುಗಿದ ಮೇಲೆ ಪೈಪಿನ ಪರೀಕ್ಷೆ ಮತ್ತೆ ಮಾಡಿದೆ. ವೇಬ್ರಿಡ್ಜ್‌ಗೂ ಹೋಗಿ ಬಂದೆ, ಆ ಅಂಕಿ ದೋಣಿಯ ಫೈಲಿನಲ್ಲಿದೆ. ಪ್ರತಿ ವಸಂತದಲ್ಲಿ ಮತ್ತೆ ತೂಗಿ ಹೋಲಿಸುತ್ತೇನೆ. ಮಿನೆಸೋಟಾದಲ್ಲಿ ದೋಣಿ ಸಾಗಿಸುವಾಗ ಡ್ರೇನ್ ಪ್ಲಗ್ ತೆಗೆದೇ ಇರಬೇಕು ಎಂಬ ಕಾನೂನಿದೆ. ಒಂದು ಕೆರೆಯ ಜೀವಿಗಳು ಇನ್ನೊಂದಕ್ಕೆ ಹೋಗದಿರಲಿ ಎಂದು. ಹಾಗಾಗಿ ಪ್ರತಿ ಸಲ ದಡಕ್ಕೆ ಬಂದಾಗ ನನಗೊಂದು ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಪ್ಲಗ್ ತಿರುಗಿಸಿ ತೆಗೆದು ಗಡಿಯಾರ ನೋಡುತ್ತೇನೆ. ಈ ಬೇಸಿಗೆಯಲ್ಲಿ, ಟ್ರೇಲರ್ ಪಟ್ಟಿ ಬಿಗಿದು ಮುಗಿಸುವ ಮೊದಲೇ ಹನಿ ನಿಂತಿರುತ್ತದೆ.